ಕಿವಿಯಲ್ಲಿ ಹೇಳಿದ ಸಂಖ್ಯೆ

ನನ್ನ ನಾದಿನಿಯ ಮಗಳು ಸ್ಮಿತಾ ಈ ವರ್ಷ ನರ್ಸಿಂಗ್ ಮುಗಿಸಿ ವಡೋದರಾದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ತರಕಾರಿ ಮಾರುಕಟ್ಟೆ, ಬಸ್ ನಿಲ್ದಾಣ, ಕಾರ್ಖಾನೆಯ ಗೇಟು, ಹೀಗೆ ಜನ ಓಡಾಡುವ ಕಡೆ ಮೇಜು ಹಾಕಿಕೊಂಡು ದೊಡ್ಡವರ ಬಿಪಿ ನೋಡುವ ಕೆಲಸ. ಸೇರಿದ ಸ್ವಲ್ಪ ದಿನಕ್ಕೆ ಫೋನ್ ಮಾಡಿ, "ಅತ್ತಿ, ದಿನಾ ಪಟ್ಟಿ ಕಟ್ಟೂದು, ಬಿಚ್ಚೂದು, ನಂಬರ್ ಬರಿಯೂದು. ಇದರಾಗ ಕಲಿಯೂದು ಏನೈತಿ?" ಅಂದಳು. ನಾನೂ ಇದೇ ಕೆಲಸ ಮಾಡಿ ನಿವೃತ್ತಳಾದವಳು. ಫೋನಿನಲ್ಲಿ ಏನೋ ಸಮಾಧಾನ ಹೇಳಿದೆ. ಅದು ಸಾಲದು ಅನ್ನಿಸಿ ಈಗ ಬರೆಯಲು ಕೂತಿದ್ದೇನೆ. ಅವಳಿಗಷ್ಟೇ ಅಲ್ಲ, ಈ ಕೆಲಸಕ್ಕೆ ಹೊಸದಾಗಿ ಬರುವ ಯಾರಿಗಾದರೂ ಉಪಯೋಗವಾದೀತು.

ನಾನು ಗದಗಿನ ಕಡೆಯವಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತೆ. ಮದುವೆಯಾದ ಮೇಲೆ, ರೈಲ್ವೆ ಕಚೇರಿಯಲ್ಲಿದ್ದ ಯಜಮಾನರಿಗೆ ವರ್ಗವಾಗಿ ವಡೋದರಾಕ್ಕೆ ಬಂದೆವು. ಅಲ್ಲಿ ಕೊಯಾಲಿ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲವು ವರ್ಷ ದುಡಿದೆ. ಆಮೇಲೆ ಅವರಿಗೆ ಸೂರತ್‌ಗೆ ವರ್ಗವಾಯಿತು. ಸೂರತ್‌ನಲ್ಲಿ ಒಂದು ಧರ್ಮಾರ್ಥ ದವಾಖಾನೆ ಬಿಪಿ ನೋಡುವ ತಂಡ ಕಟ್ಟುತ್ತಿತ್ತು. ಅಲ್ಲಿ ಸೇರಿದವಳು ಕೊನೆಯವರೆಗೂ ಅಲ್ಲೇ ಉಳಿದೆ.

ತಂಡದ ಮುಖ್ಯಸ್ಥೆ ಡಾಕ್ಟರ್ ಕೋಕಿಲಾಬೆನ್; ಗುಜರಾತಿಯಲ್ಲಿ ಬೆನ್ ಎಂದರೆ ಅಕ್ಕ. ಸಣ್ಣ ಆಳು, ಯಾವಾಗಲೂ ಹತ್ತಿ ಸೀರೆ, ಮಾತು ಬಹಳ ಕಡಿಮೆ. ನಾನು ಸೇರಿದ ದಿನ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಕಟ್ಟಿದರು. ನಾನು ಮಾತಾಡಲು ಹೋದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ಬೆನ್ನಿಗೆ ಆಸರೆ, ಕಾಲು ನೆಲಕ್ಕೆ, ತೋಳು ಮೇಜಿನ ಮೇಲೆ, ಐದು ನಿಮಿಷ ಮೌನ. ಆಮೇಲೆ ಅಳತೆ. "ನಿರ್ಮಲಾಬೆನ್, ಈ ಐದು ನಿಮಿಷ ಕೊಡದಿದ್ದರೆ ನೀವು ಅಳೆಯುವುದು ಅವರ ಬಿಪಿಯನ್ನಲ್ಲ, ಅವರು ಓಡಿಬಂದ ದಾರಿಯನ್ನು," ಅಂದರು.

ಅದು ಎಷ್ಟು ನಿಜ ಎಂದು ನಮ್ಮ ತಂಡಕ್ಕೆ ಸೂರತ್‌ನ ಉಧ್ನಾ ರೈಲು ಸ್ಟೇಷನ್ನಿನಲ್ಲಿ ಗೊತ್ತಾಯಿತು. ಕೋಕಿಲಾಬೆನ್ ಊರಲ್ಲಿರಲಿಲ್ಲ. ಶಿಬಿರ ಏರ್ಪಡಿಸುವ ನಮ್ಮ ಕಚೇರಿಯ ಮಹಾಶಯರೊಬ್ಬರು, ಜನ ಹೆಚ್ಚು ಸಿಗುತ್ತಾರೆಂದು ಪಾದಚಾರಿ ಸೇತುವೆಯ ಮೇಲೇ ಮೇಜು ಹಾಕಿಸಿದರು. ಜನವೇನೋ ಸಿಕ್ಕರು. ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತವರು, ಮಗುವನ್ನು ಎತ್ತಿಕೊಂಡವರು, ಲೋಕಲ್ ಹಿಡಿಯಲು ಮೆಟ್ಟಿಲು ಹತ್ತಿ ಏದುಸಿರು ಬಿಡುವವರು. ಕೂತವರೆಲ್ಲರದೂ ಬಿಪಿ ಮೇಲೆ. ಸಂಜೆಯ ಹೊತ್ತಿಗೆ ಉಧ್ನಾ ಪೂರ್ತಿ ರೋಗಿಷ್ಟರೇ ಎನ್ನುವ ಹಾಗಿತ್ತು. ಆ ಮಹಾಶಯರು ಪತ್ರಿಕೆಯವರನ್ನೂ ಕರೆಸುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಕೋಕಿಲಾಬೆನ್ ಫೋನ್ ಮಾಡಿ ಮೇಜು ಎಲ್ಲಿದೆ ಎಂದು ಕೇಳಿದರು. ಹೇಳಿದೆವು. "ಕೆಳಗೆ ತನ್ನಿ. ಇವತ್ತಿನದೆಲ್ಲ ಬಿಟ್ಟುಬಿಡಿ. ಬಂದವರನ್ನೆಲ್ಲ ಮತ್ತೆ ಕರೆಯಿರಿ," ಅಂದರು. ಮತ್ತೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಸರಿಯಾಗಿಯೇ ಇದ್ದರು. ಉಳಿದವರು ಸರಿಯಿರಲಿಲ್ಲ. ನಮಗೆ ಬೇಕಾಗಿದ್ದವರು ಆ ಉಳಿದವರು.

ಆಗ ಪಾದರಸದ ಯಂತ್ರ. ಪಾದರಸ ಮೇಲೇರಿ ನಿಧಾನ ಇಳಿಯುವುದನ್ನು ಜನ ಕಣ್ಣಾರೆ ನೋಡುತ್ತಿದ್ದರು, ಹಾಗಾಗಿ ನಂಬುತ್ತಿದ್ದರು. ಆಮೇಲೆ ಬ್ಯಾಟರಿಯ ಯಂತ್ರ ಬಂತು. ಅದನ್ನು ಕಲಿಯಲು ನಮ್ಮನ್ನು ಅಹಮದಾಬಾದಿಗೆ ಕಳಿಸಿದ್ದರು. ಕಲಿತು ಬಂದೆವು, ಜನ ನಂಬಲಿಲ್ಲ. ಸಂಖ್ಯೆ ಹೆಚ್ಚು ಬಂದರೆ, "ಸೆಲ್ ವೀಕ್ ಆಗಿರಬೇಕು, ಬೆನ್," ಅನ್ನುವರು. ಕಡಿಮೆ ಬಂದರೆ ಮಾತ್ರ ಯಂತ್ರ ಒಳ್ಳೆಯದು. ನನಗೆ ಆ ಯಂತ್ರದ ಬೆಲೆ ತಿಳಿದದ್ದು ಮಗ್ಗದ ಶೆಡ್ಡಿನ ಎದುರು. ರಸ್ತೆಯಾಚೆಗೂ ಬರುತ್ತಿದ್ದ ಮಗ್ಗದ ಸದ್ದಿಗೆ ಸ್ಟೆತಸ್ಕೋಪಿನಲ್ಲಿ ಏನೂ ಕೇಳುತ್ತಿರಲಿಲ್ಲ.

ಆ ಶೆಡ್ಡಿನ ಕಥೆ ಹೇಳಲೇಬೇಕು. ಮುಂದಿನದಕ್ಕೆಲ್ಲ ಅದೇ ಮೊದಲು. ವಿದ್ಯುತ್ ಮಗ್ಗಗಳ ಒಂದು ಯೂನಿಟ್ಟಿನ ಮಾಲೀಕ ನಮ್ಮನ್ನು ತಾನಾಗಿ ಕರೆದಿದ್ದ. ಕೆಲಸಗಾರರು ಹೆಚ್ಚಿನವರು ಒಡಿಶಾದ ಕಡೆಯವರು. ನಾವು ಮೊದಲು ಕೂರಿಸಿದ ಕೆಲಸಗಾರನೇ ಕೈ ಹಿಂದಕ್ಕೆಳೆದುಕೊಂಡ. ಯಾಕೆಂದು ಕೇಳಿದೆ. "ಪಕ್ಕದ ಯೂನಿಟ್ಟಲ್ಲಿ ಪಟ್ಟಿ ಕಟ್ಟಿಸಿಕೊಂಡವರನ್ನ ಮಾರನೇ ದಿನ ಕೆಲಸದಿಂದ ಬಿಡಿಸಿದರು," ಅಂದ. ಅಷ್ಟರಲ್ಲಿ ಮಾಲೀಕನೂ ಬಂದು ಕೋಕಿಲಾಬೆನ್ ಹತ್ತಿರ, "ಯಾರ ಬಿಪಿ ಹೆಚ್ಚಿದೆ, ಅಷ್ಟು ಹೇಳಿದರೆ ಸಾಕು. ಯಾರಾದರೂ ಮಗ್ಗದ ಮೇಲೆ ಬಿದ್ದರೆ ಜವಾಬ್ದಾರಿ ನನ್ನದು," ಅಂದ. ಅವನ ಭಯವೂ ಸುಳ್ಳಲ್ಲ.

ಕೋಕಿಲಾಬೆನ್ ಹೇಳಿದರು: "ಯಾರ ತೋಳಿಗೆ ಪಟ್ಟಿ ಕಟ್ಟುತ್ತೇವೋ ಸಂಖ್ಯೆ ಅವರದು. ಅವರ ಕಿವಿಯಲ್ಲಿ ಹೇಳುತ್ತೇವೆ. ಇನ್ನೊಬ್ಬರಿಗಿಲ್ಲ."

"ಜಾಗ ನನ್ನದು, ಕೆಲಸದವರು ನನ್ನವರು."

"ಜಾಗ ನಿಮ್ಮದೇ," ಎಂದು ಅವರು ಮೇಜಿನ ಕಾಲು ಮಡಚಲು ಶುರು ಮಾಡಿದರು. ನಾವು ರಸ್ತೆ ದಾಟಿ ಎದುರಿನ ಚಹಾದಂಗಡಿಯ ಹಿಂದೆ ಮೇಜು ಹಾಕಿದೆವು. ಪಾಳಿ ಬಿಟ್ಟಾಗ ಒಬ್ಬೊಬ್ಬರಾಗಿ ಬಂದರು. ನಾನು ಪ್ರತಿಯೊಬ್ಬನ ಕಡೆ ಬಾಗಿ ಅವನ ಸಂಖ್ಯೆಯನ್ನು ಅವನಿಗೆ ಮಾತ್ರ ಹೇಳಿದೆ. ಅಂದಿನಿಂದ ಅದು ನಮ್ಮ ತಂಡದ ನಿಯಮವಾಯಿತು. ಒಳ್ಳೆಯ ನಿಯಮ. ಆದರೆ ಅದನ್ನು ಪಾಲಿಸುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ನಮ್ಮ ಕನ್ನಡದವರ ಹೋಟೆಲಿನಲ್ಲಿ.

ಉಡುಪಿ ಕಡೆಯ ಸದಾನಂದರ ಹೋಟೆಲು ಉಧ್ನಾ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಅಡುಗೆಮನೆ ಅವರದು, ಗಲ್ಲಾಪೆಟ್ಟಿಗೆ ಅವರ ಹೆಂಡತಿ ವಸಂತಿಯದು. ಒಬ್ಬಳೇ ಮಗಳು ಪಲ್ಲವಿ, ಕಾಲೇಜಿಗೆ ಹೋಗುತ್ತಿದ್ದಳು. ನಮ್ಮ ತಂಡ ಆ ಕಡೆ ಹೋದಾಗಲೆಲ್ಲ ಊಟ ಅಲ್ಲೇ. ನನಗೆ ಊಟಕ್ಕಿಂತ ಕನ್ನಡ ಮಾತಾಡುವ ಆಸೆ. ವಸಂತಿ ನನ್ನನ್ನು ಛೇಡಿಸುತ್ತಿದ್ದರು: "ನಿಮ್ಮ ಗದಗಿನ ಕನ್ನಡ ಕೇಳಿದ್ರೆ ಯಾರಿಗೋ ಬೈತಾ ಇದ್ದೀರಿ ಅಂತ ಅನಿಸ್ತದೆ ಮಾರಾಯ್ರೆ."

ಸದಾನಂದರೇ ಒಮ್ಮೆ, ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಹೋಟೆಲಿನ ಮಹಡಿಯಲ್ಲಿ ಶಿಬಿರ ಮಾಡಿ ಅಂದರು. ಸುತ್ತಲಿನ ಅಂಗಡಿಯವರೆಲ್ಲ ಬಂದರು. ಹೋಟೆಲಿನವರದೂ ಆಯಿತು. ಕೊನೆಗೆ ಸದಾನಂದರು ಕೂತರು. ನೂರಾ ಎಂಬತ್ತರ ಮೇಲೆ, ಕೆಳಗಿನದು ನೂರಾ ಎಂಟು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಹೆಚ್ಚು ಬದಲಾಗಲಿಲ್ಲ.

ಬಾಗಿ ಮೆಲ್ಲಗೆ ಹೇಳಿದೆ. ಅವರು ನಕ್ಕರು. "ಒಲೆ ಮುಂದಿನ ಸೆಖೆ ಸಿಸ್ಟರ್. ನಂಗೆ ಎಂತದೂ ಇಲ್ಲ. ತಲೆನೋವು ಸಹ ಬರೋದಿಲ್ಲ."

"ಇದಕ್ಕ ತಲಿನೋವು ಬರಬೇಕಂತ ಏನಿಲ್ರಿ. ನಾಳಿದ್ದು ದವಾಖಾನಿಗೆ ಬರ್ರಿ, ಮತ್ತೊಮ್ಮೆ ನೋಡೂಣು."

ಬಂದರು, ಒಬ್ಬರೇ. ಅವತ್ತೂ ಅಷ್ಟೇ ಇತ್ತು. ಕೋಕಿಲಾಬೆನ್ ಮಾತ್ರೆ ಬರೆದರು, ಉಪ್ಪಿನ ವಿಷಯ ಹೇಳಿದರು. ಸದಾನಂದರಿಗೆ ಮಾತ್ರೆಗಿಂತ ಉಪ್ಪಿನದೇ ಚಿಂತೆ. ಬೆಳಗಿನಿಂದ ರಾತ್ರಿವರೆಗೆ ಸಾಂಬಾರು, ಚಟ್ನಿ, ಪಲ್ಯ ಎಲ್ಲವನ್ನೂ ಅಂಗೈಗೆ ಹಾಕಿಕೊಂಡು ರುಚಿ ನೋಡುವವರು ಅವರು. ಆ ರುಚಿ ನೋಡುವುದೇ ಒಂದು ಊಟದಷ್ಟು ಆಗುತ್ತಿತ್ತು. "ನಾನು ನೋಡದಿದ್ರೆ ಗಿರಾಕಿ ನೋಡ್ತಾನೆ," ಅಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಒಂದು ಮಾತು. ವಸಂತಿಗೆ ಹೇಳ್ಬೇಡಿ. ಅವಳ ಅಣ್ಣ ಇದರಲ್ಲೇ ಹೋದದ್ದು. ಗೊತ್ತಾದ್ರೆ ಹೋಟೆಲು ಮುಚ್ಚಿ ಊರಿಗೆ ಹೋಗುವ ಅಂತ ಹಟ ಹಿಡೀತಾಳೆ," ಅಂದರು.

ಹೇಳುವುದಿಲ್ಲ ಅಂದೆ. ನಿಯಮವೂ ಅದೇ ತಾನೆ.

ಶಿಬಿರದ ದಿನ ವಸಂತಿ ಎಲ್ಲರಿಗೂ ಮಜ್ಜಿಗೆ ಕೊಡುತ್ತ ಓಡಾಡಿದ್ದರೇ ಹೊರತು ಕುರ್ಚಿಯಲ್ಲಿ ಕೂತಿರಲಿಲ್ಲ. ಇದನ್ನು ನೀವು ಎಲ್ಲ ಕಡೆಯೂ ನೋಡುತ್ತೀರಿ. ಗಂಡನನ್ನು ಎಳೆದು ತರುವ ಹೆಂಗಸು ತಾನು ಕೂರುವುದಿಲ್ಲ. ಅವಳನ್ನು ಹೆಸರು ಹಿಡಿದು ಕರೆಯಬೇಕು. ನಾನು ಕರೆದೆ. ತರಕಾರಿ ತರುವ ನೆಪದಲ್ಲಿ ಒಂದು ದಿನ ದವಾಖಾನೆಗೆ ಬಂದರು. ನೂರಾ ಎಪ್ಪತ್ತು ದಾಟಿತ್ತು. ಎರಡನೆಯ ಸಲ ಬಂದಾಗಲೂ ಹಾಗೇ. ತಿಂಗಳುಗಟ್ಟಲೆ ತಲೆ ಭಾರ, ಹಣೆಗೆ ಮುಲಾಮು ಹಚ್ಚಿಕೊಂಡೇ ಗಲ್ಲಾದಲ್ಲಿ ಕೂರುವುದು ಎಂದು ಆಗ ಹೇಳಿದರು.

ಮಾತ್ರೆಯ ಚೀಟಿಯನ್ನು ಮಡಚಿ ಪರ್ಸಿನೊಳಗಿನ ಜಿಪ್ಪಿಗೆ ಹಾಕಿಕೊಂಡು, "ಅವರಿಗೆ ಗೊತ್ತಾಗ್ಬಾರ್ದು ಸಿಸ್ಟರ್," ಅಂದರು.

"ಯಾಕ್ರಿ?"

"ಗೊತ್ತಾದ್ರೆ ರೆಸ್ಟ್ ತಕ್ಕೊ ಅಂತ ನನ್ನನ್ನು ಊರಿಗೆ ಕಳಿಸ್ತಾರೆ. ಇಲ್ಲಿ ಅವರೊಬ್ಬರೇ ಎಂತ ಮಾಡ್ತಾರೆ? ಊಟ ಸಹ ಹೊತ್ತಿಗೆ ಸರಿಯಾಗಿ ಮಾಡೋದಿಲ್ಲ ಆ ಮನುಷ್ಯ."

ಹೀಗೆ ನನ್ನ ಹತ್ತಿರ ಒಂದೇ ಮನೆಯ ಎರಡು ಗುಟ್ಟುಗಳು ಸೇರಿದವು. ಗಂಡ ಬೇರೆ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಿದ್ದರು, ಹೆಂಡತಿ ಬೇರೆ ಅಂಗಡಿಯಲ್ಲಿ. ಒಮ್ಮೆ ಇಬ್ಬರೂ ಒಂದೇ ಬೆಳಿಗ್ಗೆ ಬಂದುಬಿಟ್ಟರು. ವಸಂತಿಯನ್ನು ಇಂಜೆಕ್ಷನ್ ಕೋಣೆಯಲ್ಲಿ ಕೂರಿಸಿ, ಸದಾನಂದರು ಹೋದ ಮೇಲೆ ಹೊರಗೆ ಕಳಿಸಿದೆ. ಕೇಳಿದವರಿಗೆ ನಗು ಬರಬಹುದು. ನನಗೂ ಆಗ ನಗು ಬಂದಿತ್ತು. ಹೋಟೆಲಿಗೆ ಹೋದರೆ ಸದಾನಂದರು ಅಡುಗೆಮನೆಯಿಂದ ಇಣುಕಿ, "ವಸಂತಿಗೆ ಒಮ್ಮೆ ನೋಡಿ ಸಿಸ್ಟರ್, ಮುಖ ಸಪ್ಪೆ ಉಂಟು," ಅನ್ನುತ್ತಿದ್ದರು. ಕೈ ತೊಳೆದು ಬರುವಷ್ಟರಲ್ಲಿ ವಸಂತಿ, "ಅವರ ಉಪ್ಪು ಕಡಿಮೆ ಮಾಡಿಸಿ, ನಾನು ಹೇಳಿದ್ರೆ ಕೇಳೋದಿಲ್ಲ," ಅನ್ನುತ್ತಿದ್ದರು. ನಾನು ಇಬ್ಬರಿಗೂ ತಲೆಯಾಡಿಸಿ ಕಾಫಿ ಕುಡಿದು ಬರುತ್ತಿದ್ದೆ.

ಕೋಕಿಲಾಬೆನ್ ಅವರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನಾವು ಹೇಳುವ ಹಾಗಿಲ್ಲ. ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಲೇ ಇರಿ," ಅಂದರು. ಹೇಳುತ್ತಲೇ ಇದ್ದೆ. ಇಬ್ಬರೂ, "ಹೇಳುವ, ಹೇಳುವ," ಅನ್ನುತ್ತಲೇ ಇದ್ದರು.

ವಸಂತಿ ಮಾತ್ರೆ ತಪ್ಪಿಸಲಿಲ್ಲ. ಸದಾನಂದರದು ಬೇರೆ ಲೆಕ್ಕ. ಅವರ ಬಿಪಿ ಇಳಿದು ಸರಿಯಾದ ಮಟ್ಟಕ್ಕೆ ಬಂತು. ನಮಗೆ ಖುಷಿ. ಅವರು, "ಸರಿ ಆಯ್ತಲ್ಲ, ಇನ್ನೆಂತಕ್ಕೆ ಮಾತ್ರೆ?" ಅಂದರು. ಮಾತ್ರೆಯಿಂದಲೇ ಇಳಿದದ್ದು, ಬಿಟ್ಟರೆ ಮತ್ತೆ ಏರುತ್ತದೆ ಎಂದು ಬಿಡಿಸಿ ಹೇಳಿದೆ. ಹೌದು ಹೌದು ಎಂದು ಹೋದವರು ಮತ್ತೆ ಬರಲಿಲ್ಲ. ಸ್ಮಿತಾ, ಇದೊಂದನ್ನು ನೆನಪಿಡು. ಬಿಪಿ ಹೆಚ್ಚಿದ್ದಾಗ ಜನ ಹೆದರಿ ಮಾತು ಕೇಳುತ್ತಾರೆ. ಇಳಿದ ಮೇಲೆ ಕೈಬಿಟ್ಟು ಹೋಗುತ್ತಾರೆ. ನಿಜವಾದ ಕೆಲಸ ಇರುವುದು ಇಳಿದ ಮೇಲೆ.

ನಾನೇ ಹೋಟೆಲಿಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ತಗ್ಗಿದ ದನಿಯಲ್ಲಿ ಕೇಳಿದೆ. "ನಿಲ್ಲಿಸಿದ್ದೇನೆ. ದೀಪಾವಳಿ ಗಲಾಟೆ ಒಂದು ಮುಗೀಲಿ, ಮತ್ತೆ ನೋಡುವ," ಅಂದರು. ಹಬ್ಬಕ್ಕಾಗಿ ಕಾಯುವಂಥದ್ದಲ್ಲ ಇದು ಎಂದು ವಾದಿಸಿದೆ. ಗಲ್ಲಾದಿಂದ ವಸಂತಿ ನಮ್ಮ ಕಡೆ ತಿರುಗಿ ನೋಡಿದರು. ಸದಾನಂದರು ಸಟ್ಟುಗ ತೆಗೆದುಕೊಂಡು ಒಳಗೆ ಹೋದರು. ಆ ಹೊತ್ತಿಗೆ ವಸಂತಿಗೆ ಗೊತ್ತಿದ್ದಿದ್ದರೆ ಆ ಮಾತ್ರೆ ಒಂದು ದಿನವೂ ತಪ್ಪುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಸುಮ್ಮನೆ ಬಂದೆ.

ಹಬ್ಬಕ್ಕೆ ಇನ್ನೂ ಕೆಲವು ದಿನವಿತ್ತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದೆ, ಪಲ್ಲವಿಯ ಫೋನ್ ಬಂತು. ಸೂರತ್‌ನಲ್ಲೇ ಬೆಳೆದ ಹುಡುಗಿ, ಗಾಬರಿಯಲ್ಲಿ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. "ಆಂಟಿ, ಪಪ್ಪಾ ಕಿಚನ್‌ನಲ್ಲಿ ಬಿದ್ರು. ಮೂಹ್... ಬಾಯಿ ಒಂದ್ ಸೈಡ್ ಹೋಗಿದೆ, ಮಾತು ಬರ್ತಾ ಇಲ್ಲ. ಹಾಸ್ಪಿಟಲ್‌ಗೆ ಬಂದಿದ್ದೀವಿ. ಡಾಕ್ಟರ್ ಯಾವ ಟ್ಯಾಬ್ಲೆಟ್ ತಗೋತಾರೆ ಅಂತ ಪೂಛ್ತಾ ಇದ್ದಾರೆ. ಮಮ್ಮಿ ಕುಛ್ ನಹೀಂ ಅಂತಾರೆ. ಪಪ್ಪಾ ಪಾಕೆಟ್‌ನಲ್ಲಿ ಒಂದು ಪತ್ತಾ ಸಿಕ್ಕಿದೆ, ಹರಿದು ಹೋಗಿದೆ, ಹೆಸರು ಕಾಣ್ತಾ ಇಲ್ಲ."

ಪತ್ತಾ ಅಂದರೆ ಮಾತ್ರೆಯ ಹಾಳೆ. ರಕ್ತ ತಿಳಿಯಾಗಿಸುವ ಮಾತ್ರೆ ಏನಾದರೂ ಇದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಅಪಾಯ. ವೈದ್ಯರು ಅದಕ್ಕಾಗಿಯೇ ಕೇಳುತ್ತಿದ್ದರು. ಲಕ್ವ ಹೊಡೆದಾಗ ಪ್ರತಿ ನಿಮಿಷವೂ ಮಿದುಳಿಗೆ ನಷ್ಟ.

"ಫೋನು ಡಾಕ್ಟರಿಗೆ ಕೊಡವಾ," ಅಂದೆ.

ಅವಳು ಸ್ಪೀಕರಿಗೆ ಹಾಕಿ ಕೊಟ್ಟಳು. ನಾನು ಹಿಂದಿಯಲ್ಲಿ ಹೇಳಿದೆ: ಬಿಪಿ ಇದೆ, ನಮ್ಮ ದವಾಖಾನೆಯಲ್ಲೇ ನೋಡಿದ್ದು, ಮಾತ್ರೆ ಇಂಥದು, ರಕ್ತ ತಿಳಿಯಾಗಿಸುವುದು ಯಾವುದನ್ನೂ ನಾವು ಕೊಟ್ಟಿಲ್ಲ, ಇತ್ತೀಚೆಗೆ ಆ ಬಿಪಿ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ವೈದ್ಯರು ಒಂದೆರಡು ಪ್ರಶ್ನೆ ಕೇಳಿ ಹೊರಟುಹೋದರು. ಫೋನು ಇನ್ನೂ ಚಾಲೂ ಇತ್ತು. ಆ ಕಡೆ ವಸಂತಿಯ ಉಸಿರು ಕೇಳಿಸುತ್ತಿತ್ತು.

ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಇಂಜೆಕ್ಷನ್ ಕೊಟ್ಟಾಗಿತ್ತು. ವಸಂತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, ಪಲ್ಲವಿಯನ್ನು ನೀರು ತರಲು ಕೆಳಗೆ ಕಳಿಸಿದರು.

"ನಿಮಗೆ ಗೊತ್ತಿತ್ತು," ಅಂದರು.

"ಹೌದ್ರಿ."

"ಗೊತ್ತಿದ್ದೂ ನನ್ನೆದುರು ಕೂತು ಕಾಫಿ ಕುಡಿದು ಹೋಗ್ತಿದ್ರಿ."

"ನಿಮ್ಮದೂ ಗೊತ್ತಿತ್ರಿ. ಅವರಿಗೆ ಹೇಳಲಿಲ್ಲ," ಅಂದೆ.

ಅವರು ಮುಖ ಆ ಕಡೆ ತಿರುಗಿಸಿದರು. ಕೋಪ ಇಳಿಯಲಿಲ್ಲ, ನನಗೆ ಗೊತ್ತಾಗುತ್ತಿತ್ತು. ಆದರೆ ಆ ಕೋಪವನ್ನು ಯಾರ ಮೇಲೆ ಹಾಕುವುದೆಂದು ಅವರಿಗೂ ತಿಳಿಯದಾಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಪಕ್ಕದಲ್ಲಿ ಕೂತೆ. ಎದ್ದು ಹೋಗಿ ಎನ್ನಲಿಲ್ಲ.

ಮಾರನೆಯ ದಿನ ಸದಾನಂದರನ್ನು ವಾರ್ಡಿಗೆ ತಂದರು. ಬಲಗೈ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಆದರೆ ಎಲ್ಲ ತಿಳಿಯುತ್ತಿತ್ತು. ವಸಂತಿ ಮಂಚದ ಪಕ್ಕ ನಿಂತು, ಪರ್ಸಿನ ಜಿಪ್ಪು ತೆಗೆದು, ಒಂದು ಮಾತ್ರೆಯ ಹಾಳೆಯನ್ನು ಹೊದಿಕೆಯ ಮೇಲಿಟ್ಟರು.

ಸದಾನಂದರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. "ನನ್ನ... ನನ್ನದು," ಅಂದರು. ಸಿಕ್ಕಿಬಿದ್ದೆ ಎಂದುಕೊಂಡಿರಬೇಕು.

"ನಿಮ್ದಲ್ಲ. ನನ್ನದು," ಅಂದರು ವಸಂತಿ.

ಅವರು ಕಣ್ಣು ತೆರೆದು ಹೆಂಡತಿಯ ಮುಖ ನೋಡಿದರು. "ಯಾವಾಗಿಂದ?"

"ನೀವು ಶುರು ಮಾಡಿದಾಗಿಂದ. ನಾನು ನಿಲ್ಲಿಸ್ಲಿಲ್ಲ, ಅಷ್ಟೇ."

ಎಡಗೈಯಿಂದ ಅವರು ಹೆಂಡತಿಯ ಕೈ ಹಿಡಿದುಕೊಂಡರು. ಪಲ್ಲವಿ ಇಬ್ಬರನ್ನೂ ನೋಡಿ ಗುಜರಾತಿಯಲ್ಲಿ ಏನೋ ಬೈದು ಅತ್ತುಬಿಟ್ಟಳು. ನಾನು ಹೊರಗೆ ಬಂದೆ.

ಸದಾನಂದರು ಚೇತರಿಸಿಕೊಂಡರು. ಮಾತು ಬಹುಮಟ್ಟಿಗೆ ಸರಿಹೋಯಿತು. ಬಲಗೈ ಬೆರಳುಗಳಿಗೆ ಹಿಂದಿನ ಬಲ ಬರಲಿಲ್ಲ, ದೋಸೆ ಹುಯ್ಯುವುದನ್ನು ಬಿಟ್ಟರು. ಈಗ ಗಲ್ಲಾದಲ್ಲಿ ಅವರು ಕೂರುತ್ತಾರೆ, ಅಡುಗೆಮನೆ ವಸಂತಿಯ ಉಸ್ತುವಾರಿ. ರುಚಿ ನೋಡುವ ಕೆಲಸಕ್ಕೆ ಇನ್ನೊಬ್ಬರು ಅಡುಗೆಯವರು ಬಂದಿದ್ದಾರೆ. ಊರಿಗೆ ಯಾರನ್ನೂ ಯಾರೂ ಕಳಿಸಲಿಲ್ಲ. ವಸಂತಿ ನನ್ನ ಜೊತೆ ಮೊದಲಿನ ಹಾಗೆ ಮಾತಾಡಲು ಕೆಲವು ತಿಂಗಳು ಹಿಡಿಯಿತು. ಅದು ಅವರ ಹಕ್ಕು ಎಂದು ನಾನೂ ಕಾದೆ.

ಇದನ್ನೆಲ್ಲ ಕೋಕಿಲಾಬೆನ್ ಅವರಿಗೆ ಹೇಳಿದಾಗ, ನಿಯಮ ತಪ್ಪಾಗಿತ್ತೇ ಎಂದೂ ಕೇಳಿದೆ. "ತಪ್ಪಲ್ಲ, ಅರ್ಧ," ಅಂದರು. ಆ ವಾರವೇ ತಂಡದವರನ್ನೆಲ್ಲ ಕೂರಿಸಿ, ಕಿವಿಯಲ್ಲಿ ಸಂಖ್ಯೆ ಹೇಳಿದ ಮೇಲೆ ಇನ್ನೂ ಒಂದು ಮಾತು ಕೇಳಬೇಕು ಅಂದರು: "ಇದು ನಿಮ್ಮವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಯಾರಿಗೆ? ನೀವು ಹೇಳುತ್ತೀರೋ, ನಾವು ಹೇಳಬೇಕೋ?" ಬೇಡ ಎಂದರೆ ಬಲವಂತವಿಲ್ಲ. ಆದರೆ ಕೇಳದೆ ಬಿಡುವ ಹಾಗಿಲ್ಲ. ಕೇಳಿದಾಗ ಹೆಚ್ಚಿನವರು ಒಂದು ಹೆಸರು ಹೇಳುತ್ತಾರೆ. ಯಾರೂ ಇಷ್ಟು ದಿನ ಕೇಳಿರಲಿಲ್ಲ, ಅಷ್ಟೇ.

ನಾನು ನಿವೃತ್ತಳಾಗುವ ತಿಂಗಳು, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಹೊರಗೆ ಶಿಬಿರವಿತ್ತು. ಪ್ರಫುಲ್ಲ ಎಂಬ ಒಡಿಶಾದ ಕೆಲಸಗಾರ ಮೂರನೆಯ ಸಲ ಬಂದಿದ್ದ. ಬಿಪಿ ಹೆಚ್ಚೇ ಇತ್ತು. ಕೋಕಿಲಾಬೆನ್ ಮಾತ್ರೆ ಕೊಟ್ಟಾಗಿತ್ತು. ಅವನು ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿದ, ಮನಸ್ಸು ಎಲ್ಲೋ ಇತ್ತು. ನಾನು ಕೇಳಿದೆ, ಯಾರಿಗೆ ಹೇಳೋಣ?

"ಇಲ್ಲಿ ಯಾರೂ ಇಲ್ಲ. ಹೆಂಡತಿ ಊರಲ್ಲಿ," ಅಂದ.

"ಫೋನ್ ಇದೆಯಲ್ಲ?"

ಹಿಂದೆ ಮುಂದೆ ನೋಡಿ, ವಿಡಿಯೋ ಕರೆ ಮಾಡಿದ. ಆಕೆ ಅಂಗಳದಲ್ಲಿ ನಿಂತಿದ್ದಳು. ನಾನು ಹಿಂದಿಯಲ್ಲಿ ಹೇಳಲು ಹೋದರೆ ಆಕೆಗೆ ಅರ್ಥವಾಗಲಿಲ್ಲ. ನನಗೆ ಒಡಿಯಾ ಬರುವುದಿಲ್ಲ. ಹಾಗಾಗಿ ನಾನು ಒಂದೊಂದು ವಾಕ್ಯ ಹೇಳಿದ ಹಾಗೆ ಅವನೇ ಹೆಂಡತಿಗೆ ಹೇಳಬೇಕಾಯಿತು. ಬಿಪಿ ಹೆಚ್ಚಿದೆ ಎಂದು ಹೇಳಿದ. ದಿನವೂ ಮಾತ್ರೆ ಬೇಕು ಎಂದು ಹೇಳಿದ. ಬಿಟ್ಟರೆ ಏನಾಗಬಹುದು ಎಂದು ನಾನು ಹೇಳಿದ್ದನ್ನು ನೆಲ ನೋಡಿಕೊಂಡು ಹೇಗೋ ಹೇಳಿ ಮುಗಿಸಿದ. ಆಕೆ ಬಹಳ ಹೊತ್ತು ಏನೋ ಹೇಳಿದಳು.

ಫೋನಿಟ್ಟ ಮೇಲೆ, ಏನಂದರು ಎಂದು ಕೇಳಿದೆ.

"ದಿನಾ ಬೆಳಿಗ್ಗೆ ಫೋನ್ ಮಾಡಿ, ಅವಳ ಎದುರಿಗೇ ಮಾತ್ರೆ ನುಂಗಬೇಕಂತೆ," ಅಂದ. ಎದ್ದು ನಿಂತಿದ್ದವನು ಮತ್ತೆ ಕುರ್ಚಿಯಲ್ಲಿ ಕೂತು, ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟ. "ಸಿಸ್ಟರ್, ಊಟಕ್ಕೆ ಮೊದಲೋ ಆಮೇಲೋ, ಒಂದು ದಿನ ಮರೆತರೆ ಏನು ಮಾಡಬೇಕು, ಎಲ್ಲ ಇನ್ನೊಂದು ಸಲ ಸರಿಯಾಗಿ ಹೇಳಿ. ಅವಳು ಕೇಳ್ತಾಳೆ."